--ಅಕ್ಷರ ಅನ್ನೋ ಒಂದೇ ಒಂದು ಆಪ್ಷನ್, ಒಂಬತ್ತು ದಿನದ ರಿವ್ಯೂ: ಏನೇನ್ ಮಾಡ್ದೆ, ಎಲ್ಲೆಲ್ಲಿ ಎಡವಿದೆ

ನಾವು ಮೂರು ಜನ ಸೇರ್ಕೊಂಡು ನೋಡ್ಕೊಳ್ತಿರೋ ಪುಟ್ಟ ಓಪನ್ ಸೋರ್ಸ್ ಟೂಲ್ ಒಂದಿದೆ, ಪೈಥಾನಲ್ಲಿ ಬರ್ದಿರೋದು. ಫೈಲ್ ಕೊಟ್ರೆ ಎಷ್ಟು ಸಾಲು, ಎಷ್ಟು ಪದ, ಎಷ್ಟು ಕ್ಯಾರೆಕ್ಟರ್, ಎಷ್ಟು ಬೈಟ್ ಅಂತ ಹೇಳುತ್ತೆ, ಅಷ್ಟೇ. ಲಿನಕ್ಸಲ್ಲಿ ಇದೇ ಕೆಲಸ ಮಾಡೋ ಡಬ್ಲ್ಯುಸಿ ಇರೋವಾಗ ಇದ್ಯಾಕೆ ಅಂತ ಕೇಳ್ಬೇಡಿ, ಯಾವ್ದೋ ಕಾಲದಲ್ಲಿ ಶುರು ಮಾಡಿದ್ವಿ, ಈಗ ನಾಲ್ಕು ಜನ ಉಪಯೋಗಿಸ್ತಾರೆ, ಬಿಡೋಕಾಗಲ್ಲ. ಇದಕ್ಕೆ ಹುಬ್ಬಳ್ಳಿ ಕಡೆಯ ಇಂಜಿನಿಯರಿಂಗ್ ಹುಡುಗ ಒಬ್ಬ ಹೊಸ ಆಪ್ಷನ್ (ಕಮ್ಯಾಂಡ್ ಜೊತೆ ಟೈಪ್ ಮಾಡೋ ಸೂಚನೆ) ಕಳಿಸಿದ್ದ, ಕಣ್ಣಿಗೆ ಕಾಣೋ ಅಕ್ಷರ ಎಣಿಸೋದು. ಅದನ್ನ ರಿವ್ಯೂ ಮಾಡಿದ ಲಾಗ್ ಇದು. ಒಟ್ಟು ಸುಮಾರು 13 ಗಂಟೆ ಹೋಯ್ತು, ಅದ್ರಲ್ಲಿ 4 ಗಂಟೆ ಸೀದಾ ನನ್ನ ದಡ್ಡತನದ ಖಾತೆಗೆ. ದುಡ್ಡಿನ ಖರ್ಚು ಸೊನ್ನೆ.

ಒಂದು ಮಾತು: ಆಪ್ಷನ್ ಹೆಸರುಗಳನ್ನ ಟರ್ಮಿನಲಲ್ಲಿ ಇಂಗ್ಲಿಷಲ್ಲೇ ಟೈಪ್ ಮಾಡೋದು, ಇಲ್ಲಿ ಓದೋಕೆ ಸಲೀಸಾಗ್ಲಿ ಅಂತ ಕನ್ನಡದಲ್ಲಿ ಬರೀತಿದೀನಿ.

ದಿನ 1, ಶನಿವಾರ ರಾತ್ರಿ

ಮೊದಲನೇ ಕೆಲಸ, ಅವನ ಬ್ರಾಂಚ್, ಅಂದ್ರೆ ಅವನು ಬದ್ಲಾಯಿಸಿದ ಕೋಡಿನ ಪ್ರತಿ, ಇಳಿಸ್ಕೊಂಡಿದ್ದು. ಗಿಟ್ ಫೆಚ್ ಮಾಡಿ ಗಿಟ್ ವರ್ಕ್‌ಟ್ರೀ ಆಡ್ ಅಂತ ಕೊಟ್ಟು ಇನ್ನೊಂದು ಫೋಲ್ಡರಲ್ಲಿ ಇಟ್ಕೊಂಡೆ. ಈ ವರ್ಕ್‌ಟ್ರೀ ಅಭ್ಯಾಸ ಮಾಡ್ಕೊಳ್ಳಿ, ಹಳೇ ಟೂಲ್ ಒಂದ್ ಕಡೆ, ಹೊಸದು ಇನ್ನೊಂದ್ ಕಡೆ, ಎರಡು ಟರ್ಮಿನಲ್ ಪಕ್ಕಪಕ್ಕ ಇಟ್ಟು ಒಂದೇ ಫೈಲ್ ಕೊಟ್ಟು ನೋಡ್ಬಹುದು, ಬ್ರಾಂಚ್ ಹಿಂದೆ ಮುಂದೆ ಮಾಡೋ ರಗಳೆ ಇಲ್ಲ.

ಅವನಿಟ್ಟ ಹೆಸರು --ಕ್ಯಾರ್-ಕ್ಲಸ್ಟರ್ಸ್, ಶಾರ್ಟ್ ಆಪ್ಷನ್ ದೊಡ್ಡ ಸಿ. ಕೋಡ್ ಚಿಕ್ಕದು. ಒಂದೊಂದೇ ಕ್ಯಾರೆಕ್ಟರ್ ತಗೋತಾನೆ, ಯೂನಿಕೋಡಲ್ಲಿ (ಎಲ್ಲ ಲಿಪಿಯ ಕ್ಯಾರೆಕ್ಟರಿಗೂ ನಂಬರ್ ಕೊಟ್ಟಿರೋ ಪಟ್ಟಿ) ಅದರ ಕ್ಯಾಟಗರಿ ಎಮ್ಮಿಂದ ಶುರುವಾದ್ರೆ, ಅಂದ್ರೆ ಕಾಗುಣಿತದ ಚಿಹ್ನೆ, ಅನುಸ್ವಾರ, ಹಲಂತ ಇಂಥದ್ದಾದ್ರೆ, ಎಣಿಸಲ್ಲ. ಹಿಂದಿನದು ಹಲಂತ ಆಗಿದ್ರೂ ಎಣಿಸಲ್ಲ, ಯಾಕಂದ್ರೆ ಅದು ಒತ್ತಕ್ಷರ. ಉಳಿದಿದ್ದೆಲ್ಲ ಒಂದೊಂದು. (ಹಲಂತ ಅಂದ್ರೆ ವ್ಯಂಜನದ ಅಕಾರ ತೆಗೆಯೋ ಚಿಹ್ನೆ, ನುಡಿ ಕೀಬೋರ್ಡಲ್ಲಿ ಎಫ್ ಒತ್ತಿದ್ರೆ ಬರುತ್ತಲ್ಲ, ಅದು.)

ಮೊದಲ ಟೆಸ್ಟ್ "ಕನ್ನಡ". ಬೈಟ್ 15, ಕ್ಯಾರೆಕ್ಟರ್ 5, ಹೊಸ ಆಪ್ಷನ್ 3. ಕಂಪ್ಯೂಟರಿಗೆ ಅದು ಕ, ನ, ಹಲಂತ, ನ, ಡ, ಒಂದೊಂದಕ್ಕೂ ಯುಟಿಎಫ್-8ನಲ್ಲಿ (ಯೂನಿಕೋಡನ್ನ ಫೈಲಲ್ಲಿ ಬರೆಯೋ ಕ್ರಮ) 3 ಬೈಟ್. ನಮಗೆ ಮೂರೇ ಅಕ್ಷರ. ಭೇಷ್ ಅಂದ್ಕೊಂಡು ಮಲಗಿದೆ.

ದಿನ 2, ಭಾನುವಾರ. ಇಲ್ಲಿಂದ ನನ್ನ ತಪ್ಪು ಶುರು

ಬೆಳಗ್ಗೆ ಎದ್ದವನಿಗೆ ದೊಡ್ಡಸ್ತಿಕೆ ಬಂತು. ಇಂಥ ಲೂಪ್ ಕೈಯಾರೆ ಬರೀಬಾರ್ದು, ಯೂನಿಕೋಡಲ್ಲೇ ಇದಕ್ಕೆ ನಿಯಮ ಇದೆ, ಕಣ್ಣಿಗೆ ಒಂದಾಗಿ ಕಾಣೋ ಕ್ಯಾರೆಕ್ಟರ್ ಗುಂಪಿಗೆ ಗ್ರಾಫೀಮ್ ಕ್ಲಸ್ಟರ್ ಅಂತಾರೆ, ಪೈಥಾನಿನ ರೆಜೆಕ್ಸ್ ಲೈಬ್ರರಿಯಲ್ಲಿ ಬ್ಯಾಕ್‌ಸ್ಲಾಶ್ ಎಕ್ಸ್ ಅಂತ ಹಾಕಿದ್ರೆ ಒಂದೇ ಸಾಲಲ್ಲಿ ಮುಗಿಯುತ್ತೆ, ಇಷ್ಟೆಲ್ಲಾ ಹಾಕೋದ್ಯಾಕೆ ಅಂತ ಆ ಹುಡುಗನಿಗೆ ಉದ್ದಕ್ಕೆ ಬರ್ದು ಕಳಿಸ್ದೆ. ಒಂದ್ಸಲನೂ ರನ್ ಮಾಡಿ ನೋಡಿರ್ಲಿಲ್ಲ. ರಿವ್ಯೂ ಮಾಡೋರು ಮಾಡೋ ತಪ್ಪುಗಳಲ್ಲಿ ಇದು ಅತಿ ಸೋಮಾರಿ ತಪ್ಪು, ನಾವು ಹೇಳಿದ್ದನ್ನ ಅವರು ಮಾಡ್ಬೇಕು, ಟೆಸ್ಟೂ ಅವರೇ ಮಾಡ್ಬೇಕು.

ಸಂಜೆ ಒಂದೇ ಸಾಲಿನ ಉತ್ತರ ಬಂತು: "ಸರ, ನೀವು ಹೇಳ್ದಂಗ ಮಾಡಿದ್ರ ಕನ್ನಡ ಅನ್ನೋದು ನಾಕ್ ಅಕ್ಷರ ಆಗ್ತದ್ರಿ."

ಆಗಲ್ಲ ಬಿಡಪ್ಪ, ನಿನ್ನ ಲೈಬ್ರರಿ ಹಳೇದಿರ್ಬೇಕು ಅಂತ ನಾನೇ ಕೂತೆ. ಹೊಸ ವರ್ಚುವಲ್ ಎನ್ವಿರಾನ್ಮೆಂಟ್, ಹೊಸ ವರ್ಷನ್ ಲೈಬ್ರರಿ. ನಾಲ್ಕು. ಪೈಥಾನ್ ಬದ್ಲಾಯಿಸ್ದೆ. ನಾಲ್ಕು. ಟರ್ಮಿನಲ್ ಫಾಂಟ್ ಮೇಲೆ ಅನುಮಾನ ಪಟ್ಟೆ, ಫಾಂಟಿಗೂ ಎಣಿಕೆಗೂ ಸಂಬಂಧವೇ ಇಲ್ಲ ಅಂತ ಗೊತ್ತಿದ್ರೂ. ಕೊನೆಗೆ ಒಡೆದು ಪ್ರಿಂಟ್ ಮಾಡಿದ್ರೆ ಕ, ನ್, ನ, ಡ. ಒತ್ತಕ್ಷರವನ್ನ ಅದು ಸೇರಿಸ್ತಾನೇ ಇಲ್ಲ.

ದಿನ 4, ಮಂಗಳವಾರ

ಸೋಮವಾರ ಆಫೀಸ್ ಕೆಲಸ ಜಾಸ್ತಿ ಇತ್ತು, ಮುಟ್ಟಿಲ್ಲ. ಮಂಗಳವಾರ ಯೂನಿಕೋಡಿನ ಡೇಟಾ ಫೈಲನ್ನೇ ತೆಗೆದೆ. ವಿಷಯ ಇಲ್ಲಿದೆ. ಮೊದಲೆಲ್ಲ ಹಲಂತ ಬಂದ ತಕ್ಷಣ ಕ್ಲಸ್ಟರ್ ಮುಗೀತು ಅಂತ ಲೆಕ್ಕ, ಎಲ್ಲ ಭಾರತೀಯ ಲಿಪಿಗೂ ಹಾಗೇ. 2023ರಲ್ಲಿ ಬಂದ 15.1 ವರ್ಷನಲ್ಲಿ ಹೊಸ ನಿಯಮ ಸೇರಿಸಿದ್ರು, ಹಲಂತದ ಮುಂದೆ ವ್ಯಂಜನ ಬಂದ್ರೆ ಒಡೀಬೇಡ, ಒಂದೇ ಕ್ಲಸ್ಟರ್ ಅಂತ. ಆ ನಿಯಮ ಯಾವ ಲಿಪಿಯ ಹಲಂತಕ್ಕೆ ಅನ್ವಯ ಅಂತ ಪಟ್ಟಿ ಇದೆ. 15.1ರ ಫೈಲಲ್ಲಿ ಹುಡುಕಿದೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆರೇ ಆರು. ಕನ್ನಡ ಇಲ್ಲ.

ಎರಡ್ಸಲ ಹುಡುಕಿದೆ. ಪಕ್ಕದ ಮನೆ ತೆಲುಗಿದೆ, ಒತ್ತಕ್ಷರದಲ್ಲಿ ನಮ್ಮ ಅಣ್ಣತಮ್ಮ ಇದ್ದಂಗೆ ಇರೋ ಲಿಪಿ, ಅದಕ್ಕಿದೆ ನಮಗಿಲ್ಲ. ಅಂದ್ರೆ ಆ ನಿಯಮದ ಪ್ರಕಾರ ತೆಲುಗಿನ ಕ್ಷ ಒಂದು, ಕನ್ನಡದ ಕ್ಷ ಎರಡು. ಹೊಟ್ಟೆ ಉರೀತು ನಿಜ ಹೇಳ್ಬೇಕಂದ್ರೆ, ಆದ್ರೆ ನಮ್ಮ ರಿವ್ಯೂಗೆ ಬೇಕಾಗಿದ್ದು ಇಷ್ಟು: ಸ್ಟ್ಯಾಂಡರ್ಡ್ ಲೈಬ್ರರಿ ನಂಬ್ಕೊಂಡ್ರೆ ಇವನಿಗೆ ಬೇಕಾದ ಉತ್ತರ ಸಿಗಲ್ಲ, ಕೈಯಾರೆ ಬರ್ದಿದ್ದ ಲೂಪೇ ಸರಿ. ಹುಡುಗನಿಗೆ ಸಾರಿ ಕೇಳ್ದೆ, ಹಳೇ ಕೋಡ್ ವಾಪಸ್ ಹಾಕಪ್ಪ ಅಂದೆ. "ಇರ್ಲಿ ಬಿಡ್ರಿ ಸರ, ನಾ ಅದನ್ನ ಅಳಿಸಿದ್ದೇ ಇಲ್ಲ" ಅಂದ. ಬುದ್ಧಿವಂತ.

ದಿನ 5, ಬುಧವಾರ. ಅಮ್ಮನ ಪದಬಂಧ

ಈ ಆಪ್ಷನ್ ನಿಂಗ್ಯಾಕೆ ಬೇಕು ಅಂತ ಇಷ್ಟು ದಿನ ಕೇಳೇ ಇರ್ಲಿಲ್ಲ. ಇದನ್ನ ದಿನ 1ರಲ್ಲೇ ಕೇಳ್ಬೇಕಿತ್ತು. ಪದಬಂಧ ಮಾಡೋಕಂತೆ. ಒಂದ್ ಮನೆಗೆ ಒಂದ್ ಅಕ್ಷರ, ಐದ್ ಮನೆಗೆ ಯಾವ ಪದ ಕೂರುತ್ತೆ ಅಂತ ಪಟ್ಟಿ ತೆಗೀಬೇಕು. ಹಾಗಾದ್ರೆ ಅಕ್ಷರ ಅಂದ್ರೇನು ಅಂತ ತೀರ್ಮಾನ ಮಾಡೋಕೆ ಯೂನಿಕೋಡ್ ಯಾಕೆ, ನಮ್ಮನೇಲೇ ಜಡ್ಜ್ ಇದಾರೆ. ಅಮ್ಮ ದಿನಾ ಬೆಳಗ್ಗೆ ಪೇಪರಿನ ಪದಬಂಧ ಪೆನ್ಸಿಲಲ್ಲಿ ತುಂಬಿ, ತಪ್ಪಾದ್ರೆ ರಬ್ಬರಲ್ಲಿ ಉಜ್ಜಿ ಉಜ್ಜಿ ಆ ಜಾಗ ತೂತು ಬೀಳೋ ತನಕ ಬಿಡಲ್ಲ.

"ಅಮ್ಮಾ, ಕನ್ನಡ ಎಷ್ಟು ಮನೆ?"

"ಮೂರು. ಅದೇನ್ ಕೇಳ್ತೀಯೋ."

"ಬಸ್?"

"ಎರಡು. ಬ, ಸ್."

"ರ‍್ಯಾಂಕ್?"

"ಎರಡೇ. ರ‍್ಯಾಂ ಒಂದು, ಕ್ ಒಂದು."

"ಸಾಫ್ಟ್‌ವೇರ್?"

ಬೆರಳಲ್ಲಿ ಎಣಿಸಿದ್ರು. ಸಾ, ಫ್ಟ್, ವೇ, ರ್. ನಾಲ್ಕು. "ಸೂರ್ಯ ಎರಡು, ಅದನ್ನೂ ಕೇಳ್ಬೇಡ, ಕಾಫಿ ಆರ್ತಿದೆ."

ಈ ಉತ್ತರಗಳನ್ನೇ ಟೆಸ್ಟ್ ಫೈಲಿಗೆ ಹಾಕ್ದೆ, ಜೊತೆಗೆ ಪೂರ್ತಿ ವಾಕ್ಯ ಒಂದೆರಡು. ಎರಡು ಫೇಲ್.

ಒಂದು, "ಬಸ್ ಬಂತು". ಮಧ್ಯದ ಸ್ಪೇಸ್ ಸೇರಿ 5 ಬರ್ಬೇಕು, 4 ಬಂತು. ಆದ್ರೆ "ಕಾರು ಬಂತು" ಸರಿಯಾಗಿ 5. ಐದು ನಿಮಿಷ ಪಿಳಿಪಿಳಿ ನೋಡಿದ್ಮೇಲೆ ಹೊಳೀತು, ಸ್ ಕೊನೇಲಿ ಹಲಂತ ಇದೆ, ಹಲಂತದ ನಂತರ ಏನೇ ಬಂದ್ರೂ ಒತ್ತಕ್ಷರ ಅಂತ ಇವನ ಕೋಡ್ ತಿಳ್ಕೊಳ್ಳುತ್ತೆ, ಹಾಗಾಗಿ ಸ್ಪೇಸನ್ನೂ ನುಂಗಿಬಿಡ್ತು. ಇಂಗ್ಲಿಷ್ ಪದ ಜಾಸ್ತಿ ಇರೋ ಕನ್ನಡದಲ್ಲಿ ಬಸ್, ಕಾರ್ಡ್, ಟಿಕೆಟ್, ಆಫೀಸ್ ಎಲ್ಲದರ ನಂತರದ ಒಂದೊಂದು ಸ್ಪೇಸ್ ಮಾಯ. ಪರಿಹಾರ ಸುಲಭ: ಹಲಂತದ ಮುಂದೆ ಬಂದಿದ್ದು ನಿಜವಾಗ್ಲೂ ಅಕ್ಷರ ಆಗಿದ್ರೆ ಮಾತ್ರ ಸೇರ್ಸು.

ಎರಡು, "ರ‍್ಯಾಂಕ್". 2 ಬರ್ಬೇಕು, 3 ಬಂತು. ಇದನ್ನ ಟೈಪ್ ಮಾಡೋವಾಗ ರ ಮತ್ತೆ ಹಲಂತದ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಕೂತಿರುತ್ತೆ, ಇಲ್ದಿದ್ರೆ ಅರ್ಕಾವತ್ತು ಬಂದುಬಿಡುತ್ತೆ. ಆ ಕಾಣದ ಕ್ಯಾರೆಕ್ಟರನ್ನ ಕೋಡ್ ಒಂದು ಅಕ್ಷರ ಅಂತ ಎಣಿಸಿತ್ತು.

ಇಲ್ಲಿ ಮತ್ತೆ ನನ್ನ ಬಾಯಿ ಸುಮ್ನಿರ್ಲಿಲ್ಲ. ಇಂಥ ಕಾಣದ ಕ್ಯಾರೆಕ್ಟರನ್ನೆಲ್ಲ ಶುರುವಲ್ಲೇ ತೆಗೆದು ಬಿಸಾಕು ಅಂದೆ. ಅವನು ಹಾಕ್ದ, ರ‍್ಯಾಂಕ್ 2 ಆಯ್ತು, ಸಾಫ್ಟ್‌ವೇರ್ 3 ಆಯ್ತು! ಮುಂಚೆ 4 ಇತ್ತು, ಸರಿಯಾಗಿತ್ತು. ಆ ಪದದಲ್ಲಿ ಟ್ ಆದ್ಮೇಲೆ ಇರೋದು ಜಾಯ್ನರ್ ಅಲ್ಲ, ನಾನ್ ಜಾಯ್ನರ್, ಟ್ ಮತ್ತು ವೇ ಅಂಟ್ಕೊಳ್ಳಬಾರ್ದು ಅಂತ ತಡೆಯೋಕೇ ಇರೋದು. ಅದನ್ನ ಬಿಸಾಕಿದ್ರೆ ಫ್ಟ್ವೇ ಅಂತ ಒಂದೇ ಮುದ್ದೆ. ಇನ್ನೂ ತಮಾಷೆ ಅಂದ್ರೆ ಅವನ ಹಳೇ ಕೋಡ್ ಅದನ್ನ ಸರಿಯಾಗಿ ಎಣಿಸಿದ್ದು ಅಪ್ಪಟ ಅದೃಷ್ಟ. ಹಲಂತ ಆದ್ಮೇಲೆ ಏನ್ ಬಂದ್ರೂ ನುಂಗೋ ಅದೇ ಬಗ್ಗು ನಾನ್ ಜಾಯ್ನರನ್ನ ನುಂಗಿತ್ತು, ವೇ ಬಚಾವಾಗಿತ್ತು. ಸ್ಪೇಸ್ ಬಗ್ ಸರಿ ಮಾಡಿದ ತಕ್ಷಣ ಇದು ಹೇಗೂ ಕೆಡ್ತಿತ್ತು.

ಕೊನೆಗೆ ನಿಂತ ನಿಯಮ: ಜಾಯ್ನರ್ ಬಂದ್ರೆ ಕಂಡೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗು. ನಾನ್ ಜಾಯ್ನರ್ ಬಂದ್ರೆ ಎಣಿಸ್ಬೇಡ, ಆದ್ರೆ ಹಿಂದೆ ಹಲಂತ ಇತ್ತು ಅನ್ನೋದನ್ನ ಮರೆತುಬಿಡು.

ದಿನ 6, ಗುರುವಾರ. ಹೆಸರಿನ ಜಗಳ

ಹೊಸ ಬ್ರಾಂಚನ್ನ ನನ್ನ ಮಾಮೂಲಿ ಟೂಲ್ ಜಾಗಕ್ಕೆ ಹಾಕ್ಕೊಂಡು ದಿನಪೂರ್ತಿ ಹಾಗೇ ಬಿಟ್ಟೆ, ಏನಾದ್ರೂ ಮುರೀತಾ ನೋಡೋಣ ಅಂತ. ಸಂಜೆ ಕ್ರಾನಲ್ಲಿ, ಅಂದ್ರೆ ಹೊತ್ತಿಗೆ ಸರಿಯಾಗಿ ತಾನಾಗೇ ಓಡೋ ನನ್ನದೇ ಶೆಲ್ ಸ್ಕ್ರಿಪ್ಟ್ ಬಿದ್ದಿತ್ತು. ಎರರ್: --ಕ್ಯಾರ್ ಅನ್ನೋದು ಆಂಬಿಗ್ಯುಯಸ್ (ಯಾವ್ದು ಅಂತ ಗೊತ್ತಾಗ್ತಿಲ್ಲ), --ಕ್ಯಾರ್ಸ್ ಆಗಿರ್ಬಹುದು, --ಕ್ಯಾರ್-ಕ್ಲಸ್ಟರ್ಸ್ ಆಗಿರ್ಬಹುದು. ಎಕ್ಸಿಟ್ ಕೋಡ್ 2.

--ಕ್ಯಾರ್ಸ್ ಅಂದ್ರೆ ಕ್ಯಾರೆಕ್ಟರ್ ಎಣಿಸೋ ನಮ್ಮ ಹಳೇ ಆಪ್ಷನ್. ಎಂದೋ ಒಂದ್ ದಿನ ಸೋಮಾರಿತನಕ್ಕೆ ಅದರ ಬದ್ಲು --ಕ್ಯಾರ್ ಅಂತ ಬರ್ದಿದ್ದೆ. ಪೈಥಾನಲ್ಲಿ ಆಪ್ಷನ್ ಓದೋ ಆರ್ಗ್‌ಪಾರ್ಸ್ ಅರ್ಧಂಬರ್ಧ ಹೆಸರನ್ನೂ ಒಪ್ಕೊಳ್ಳುತ್ತೆ, ಬೇರೆ ಯಾವ ಆಪ್ಷನೂ ಆ ಅಕ್ಷರಗಳಿಂದ ಶುರುವಾಗ್ದಿದ್ರೆ. ಸಿ ಲಾಂಗ್ವೇಜಿನ ಗೆಟ್‌ಆಪ್ಟ್ ಲಾಂಗೂ ಹೀಗೇ. ಅಂದ್ರೆ ಹಳೇದನ್ನ ಮುಟ್ಟದೆ ಬರೀ ಹೊಸ ಆಪ್ಷನ್ ಸೇರಿಸಿದ್ರೂ ಯಾರದೋ ಸ್ಕ್ರಿಪ್ಟ್ ಒಡೀಬಹುದು. ಇದು ಕೋಡ್ ಓದಿ ಗೊತ್ತಾಗೋ ವಿಷಯ ಅಲ್ಲ, ಹಾಕ್ಕೊಂಡು ಬದುಕಿದ್ರೆ ಮಾತ್ರ ಸಿಗೋದು. 3.5ರಿಂದ ಅಲೌ ಅಬ್ರೀವ್ ಅಂತ ಸ್ವಿಚ್ ಇದೆ, ಆಫ್ ಮಾಡ್ಬಹುದು, ಆದ್ರೆ ಈಗ ಆಫ್ ಮಾಡಿದ್ರೆ ನನ್ನಂಥ ಸೋಮಾರಿಗಳ ಸ್ಕ್ರಿಪ್ಟೆಲ್ಲ ಒಂದೇ ದಿನ ಒಡೀತವೆ.

ಹಾಗಾಗಿ ಹೆಸರೇ ಬದ್ಲಾಯಿಸಿದ್ವಿ: --ಅಕ್ಷರ. ಆ ಅಕ್ಷರದಿಂದ ಶುರುವಾಗೋ ಬೇರೆ ಆಪ್ಷನ್ ನಮ್ಮಲ್ಲಿಲ್ಲ. ಇನ್ನೊಂದು ಕಾರಣನೂ ಇದೆ, ಕ್ಲಸ್ಟರ್ ಅಂದ್ರೆ ಯೂನಿಕೋಡ್ ಕ್ಲಸ್ಟರ್ ಅಂತ ಜನ ಅಂದ್ಕೋತಾರೆ, ನಾವು ಎಣಿಸ್ತಿರೋದು ಅದಲ್ಲ.

ಶಾರ್ಟ್ ಆಪ್ಷನ್ ಬೇಡ್ವೇ ಬೇಡ ಅಂದೆ. ಸಣ್ಣ ಸಿ ಬೈಟಿಗೆ, ದೊಡ್ಡ ಸಿ ಅಕ್ಷರಕ್ಕೆ, ಶಿಫ್ಟ್ ಸರಿಯಾಗಿ ಒತ್ತದಿದ್ರೆ ಲೆಕ್ಕನೇ ಬೇರೆ. ಡಬ್ಲ್ಯುಸಿ ಕಥೆ ನೋಡಿ, ಒಂದ್ ಬೈಟ್ ಅಂದ್ರೆ ಒಂದ್ ಕ್ಯಾರೆಕ್ಟರ್ ಅಂತಿದ್ದ ಕಾಲದಲ್ಲಿ -ಸಿ ಇಟ್ರು, ಆಮೇಲೆ ಒಂದ್ ಕ್ಯಾರೆಕ್ಟರಿಗೆ ಒಂದಕ್ಕಿಂತ ಜಾಸ್ತಿ ಬೈಟ್ ಬಂತು, ಹಳೇ ಸ್ಕ್ರಿಪ್ಟ್ ಒಡೀಬಾರ್ದಲ್ಲ, -ಸಿ ಬೈಟಿಗೇ ಉಳೀತು, ಕ್ಯಾರೆಕ್ಟರಿಗೆ -ಎಮ್ ಅಂತ ಹೊಸದು ಬಂತು. ಇವತ್ತಿಗೂ ಹೊಸಬರಿಗೆ ಇದನ್ನ ವಿವರಿಸೋದೇ ಒಂದು ಕೆಲಸ. ಶಾರ್ಟ್ ಆಪ್ಷನ್ ಯಾವಾಗ ಬೇಕಾದ್ರೂ ಕೊಡ್ಬಹುದು, ಕೊಟ್ಟಿದ್ದನ್ನ ಕಿತ್ಕೊಳ್ಳೋಕಾಗಲ್ಲ.

ಅದೇ ದಿನ ಇನ್ನೊಂದು ಸಿಕ್ತು. ಆಪ್ಷನ್ ಏನೂ ಕೊಡ್ದೆ ಓಡಿಸಿದ್ರೂ ಹೊಸ ಕಾಲಮ್ ಬರ್ತಿತ್ತು, ಅದೂ ಮಧ್ಯದಲ್ಲಿ. ಮೂರನೇ ಕಾಲಮ್ ತೆಗಿ ಅಂತ, ಕಾಲಮ್ ಕಿತ್ತು ಕೊಡೋ ಆಕ್‌ನಲ್ಲಿ ಬರ್ಕೊಂಡಿರೋರ ಗತಿ? ಎರರ್ ಬರಲ್ಲ, ತಪ್ಪು ಸಂಖ್ಯೆ ಸದ್ದಿಲ್ದೆ ಬರುತ್ತೆ, ಅದು ಇನ್ನೂ ಕೆಟ್ಟದ್ದು. ಕೇಳಿದ್ರೆ ಮಾತ್ರ ಬರ್ಬೇಕು, ಕೊನೇ ಕಾಲಮ್ಮಾಗಿ. ಹತ್ತು ನಿಮಿಷದಲ್ಲಿ ಸರಿ ಮಾಡ್ದ.

ದಿನ 7, ಶುಕ್ರವಾರ. 1,00,004

ನಮ್ಮ ಟೂಲ್ ಫೈಲನ್ನ 65,536 ಬೈಟಿನ ತುಂಡು ತುಂಡಾಗಿ ಓದುತ್ತೆ. ಅವನ ಫಂಕ್ಷನ್ ಪ್ರತಿ ತುಂಡಿಗೂ ಹೊಸದಾಗಿ ಶುರುವಾಗ್ತಿತ್ತು, ಹಿಂದಿನ ಕ್ಯಾರೆಕ್ಟರ್ ಯಾವ್ದು ಅಂತ ನೆನಪಿಟ್ಕೊಳ್ತಿರ್ಲಿಲ್ಲ. ಕೋಡಲ್ಲಿ ನೋಡಿದಾಗ ಅನುಮಾನ ಬಂತು, ಈ ಸಲ ಬಾಯಿ ಬಿಡೋ ಮುಂಚೆ ಓಡಿಸಿ ನೋಡ್ದೆ. "ಕ್ಷ" ಅನ್ನೋದನ್ನ ಲಕ್ಷ ಸಲ ಬರ್ದು ಫೈಲ್ ಮಾಡ್ದೆ, ಮಧ್ಯ ಸ್ಪೇಸಿಲ್ಲ, ಹೊಸ ಸಾಲಿಲ್ಲ. ಒಂದ್ ಕ್ಷ ಅಂದ್ರೆ 9 ಬೈಟ್, ಒಟ್ಟು 9,00,000 ಬೈಟ್. ಉತ್ತರ 1,00,000 ಬರ್ಬೇಕು.

1,00,004.

ನಾಲ್ಕು ಎಲ್ಲಿಂದ ಬಂತು? ಪೇಪರ್ ಪೆನ್ ತಗೊಂಡು ಲೆಕ್ಕ ಹಾಕ್ದೆ. ಈ ಫೈಲಲ್ಲಿ ತುಂಡಾಗೋ ಜಾಗ 13. 65,536ನ್ನ 9ರಿಂದ ಭಾಗಿಸಿದ್ರೆ 7 ಉಳಿಯುತ್ತೆ, ಅಂದ್ರೆ ಮೊದಲ ತುಂಡು ಮುಗಿಯೋದು ಕ ಮತ್ತು ಹಲಂತ ಆದ್ಮೇಲೆ ಷ ಒಳಗೆ ಒಂದ್ ಬೈಟ್ ಹೋದಾಗ. ಮುಂದಿನ ತುಂಡು ಷ ಇಂದ ಶುರು, ಹಿಂದೆ ಹಲಂತ ಇತ್ತು ಅನ್ನೋದು ಗೊತ್ತಿಲ್ಲ, ಷ ಬೇರೆ ಅಕ್ಷರ ಅಂತ ಎಣಿಕೆ ಆಯ್ತು. ಹೀಗೆ 1, 5, 6, 10ನೇ ತುಂಡಿನ ಕೊನೇಲಿ ಆಗುತ್ತೆ, ಉಳಿದ ಕಡೆ ಬೇರೆ ಜಾಗದಲ್ಲಿ ಕತ್ತರಿಸೋದ್ರಿಂದ ಬಚಾವು. ನಾಲ್ಕಕ್ಕೆ ನಾಲ್ಕು ಸರಿ ಹೋಯ್ತು, ಅರ್ಧ ರಾತ್ರೀಲಿ ಒಬ್ನೇ ಕೂತು ಖುಷಿ ಪಟ್ಟೆ.

ದೊಡ್ಡ ಫೈಲಲ್ಲಿ ಲಕ್ಷಕ್ಕೆ ನಾಲ್ಕು ಹೆಚ್ಚು ಕಮ್ಮಿ ಆದ್ರೆ ಯಾರೂ ಗಮನಿಸಲ್ಲ. ಅದಕ್ಕೇ ಇಂಥ ಬಗ್ಗುಗಳು ವರ್ಷಗಟ್ಲೆ ಬದುಕೋದು. ಹುಡುಗ ಫಂಕ್ಷನ್ನನ್ನ ಕ್ಲಾಸ್ ಮಾಡಿ ಹಿಂದಿನ ಕ್ಯಾರೆಕ್ಟರನ್ನ ಅದರೊಳಗೆ ಇಟ್ಟ. ಒಂದು ಎಚ್ಚರಿಕೆ: ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗೋವಾಗ ಆ ನೆನಪನ್ನ ಅಳಿಸ್ಬೇಕು, ಇಲ್ದಿದ್ರೆ ಮೊದಲ ಫೈಲ್ "ಬಸ್" ಅಂತ ಮುಗಿದು ಎರಡನೇದು "ಕಾರು" ಅಂತ ಶುರುವಾದ್ರೆ ಎರಡನೇ ಫೈಲಿನ ಕ ನಾಪತ್ತೆ. ಇದಕ್ಕೂ ಟೆಸ್ಟ್ ಹಾಕಿಸ್ದೆ.

ದಿನ 8, ಶನಿವಾರ. ಮೂರನೇ ತಪ್ಪು ಸಲಹೆ

ಕನ್ನಡಕ್ಕೆ ಮಾತ್ರ ಯಾಕೆ, ಎಲ್ಲ ಭಾರತೀಯ ಲಿಪಿಯ ಹಲಂತವನ್ನೂ ಸೇರ್ಸು ಅಂದೆ. ಸೇರಿಸ್ದ. ತಮಿಳಿನ "ಅಮ್ಮಾ" ಕೊಟ್ರೆ 2 ಬಂತು. ತಮಿಳಲ್ಲಿ ಒತ್ತಕ್ಷರ ಇಲ್ವಲ್ಲ, ಮೇಲೊಂದು ಚುಕ್ಕಿ ಇಟ್ಟು ಅ, ಮ್, ಮಾ ಅಂತ ಮೂರಾಗೇ ಬರೀತಾರೆ. ಆಫೀಸಲ್ಲಿ ಪಕ್ಕ ಕೂರೋ ತಮಿಳು ಗೆಳೆಯನಿಗೆ ಫೋನ್ ಮಾಡಿ ಖಾತ್ರಿ ಮಾಡ್ಕೊಂಡೆ, ನಕ್ಕ. ಗೊತ್ತಿಲ್ದ ಲಿಪಿಗೆ ನಿಯಮ ಬರೆಯೋ ಕೆಲಸ ನಮ್ದಲ್ಲ. ವಾಪಸ್ ತೆಗೆಸ್ದೆ. --ಅಕ್ಷರ ಸದ್ಯಕ್ಕೆ ಒತ್ತಕ್ಷರ ಸೇರಿಸೋದು ಕನ್ನಡಕ್ಕೆ ಮಾತ್ರ, ಬೇರೆ ಭಾಷೆಯವರು ಅವರಮ್ಮನ್ನ ಕೇಳಿ ಟೆಸ್ಟ್ ಪಟ್ಟಿ ತಂದ್ರೆ ಸೇರಿಸೋಣ.

ದಿನ 9, ಭಾನುವಾರ

ಹೆಲ್ಪ್ ಟೆಕ್ಸ್ಟ್ ಬರ್ದಿದ್ದು. ಮೊದಲ ಡ್ರಾಫ್ಟಲ್ಲಿ ಹುಡುಗ "ಎಸ್ಸೆಮ್ಮೆಸ್ ಉದ್ದ ನೋಡೋಕೂ ಉಪಯೋಗ" ಅಂತ ಹಾಕಿದ್ದ, ಅದನ್ನ ಹೊಡೆದು ಹಾಕ್ದೆ. ಕನ್ನಡ ಮೆಸೇಜಿಗೆ ಒಂದು ಎಸ್ಸೆಮ್ಮೆಸಲ್ಲಿ 70ರ ಮಿತಿ, ಆ 70 ಈ ಅಕ್ಷರ ಅಲ್ಲ, "ಕನ್ನಡ" ಅಂತ ಕಳಿಸಿದ್ರೆ ಅದ್ರಲ್ಲಿ 5 ಖರ್ಚಾಗುತ್ತೆ, 3 ಅಲ್ಲ. ಅದಕ್ಕೆ ಹಳೇ --ಕ್ಯಾರ್ಸೇ ಸರಿ.

ವೇಗ: ನನ್ನ ಹಳೇ ಲ್ಯಾಪ್‌ಟಾಪಲ್ಲಿ 11 ಎಂಬಿ ಕನ್ನಡ ಫೈಲಿಗೆ --ಕ್ಯಾರ್ಸ್ ಎಂಟರ್ ಒತ್ತೋದ್ರೊಳಗೆ ಮುಗೀತು, --ಅಕ್ಷರಕ್ಕೆ 2 ಸೆಕೆಂಡ್ ಹತ್ರ. ನಡೆಯುತ್ತೆ, ಪದಬಂಧದೋರಿಗೇನು ಅವಸರ.

ಬಾಕಿ ಉಳಿದಿದ್ದು ಇಮೋಜಿ. ಅಪ್ಪ ಅಮ್ಮ ಮಗಳು ಇರೋ ಫ್ಯಾಮಿಲಿ ಇಮೋಜಿ ಕೊಟ್ರೆ 3 ಅನ್ನುತ್ತೆ, ಒಂದೇ ಚಿತ್ರ ಆದ್ರೂ, ಒಳಗೆ ಮೂರು ಇಮೋಜಿ ಜಾಯ್ನರಲ್ಲಿ ಹೊಲಿದಿರೋದು. ಗೊತ್ತಿರೋ ದೋಷ ಅಂತ ಹೆಲ್ಪಲ್ಲೇ ಬರ್ದು ಬಿಟ್ವಿ.

ರಾತ್ರಿ 11:40ಕ್ಕೆ ನಾನು ಓಕೆ ಕೊಟ್ಟೆ. ನಮ್ಮಲ್ಲಿ ಇಬ್ಬರು ಓಕೆ ಅಂದ್ರೇನೇ ಮರ್ಜ್ (ಮೂಲ ಕೋಡಿಗೆ ಸೇರಿಸೋದು), ಎರಡನೇ ಮೇಂಟೇನರ್ ಊರಲ್ಲಿ ಅಡಿಕೆ ಕೊಯ್ಲಲ್ಲಿದಾನೆ, ನೆಟ್ವರ್ಕ್ ಸಿಕ್ಕಾಗ ನೋಡ್ತೀನಿ ಅಂದಿದಾನೆ. ಅಷ್ಟರಲ್ಲಿ ಹುಡುಗ ಬ್ರಾಂಚಿಂದಲೇ ಓಡಿಸಿ ಐದ್ ಮನೆ ಪದಗಳ ಪಟ್ಟಿ ತೆಗೆದು ಕಳಿಸಿದ, ಪ್ರಿಂಟ್ ತೆಗೆದು ಅಮ್ಮನ ಕೈಗೆ ಕೊಟ್ಟಿದೀನಿ. ಪೆನ್ಸಿಲ್ ಹಿಡ್ಕೊಂಡು ಕೂತಿದಾರೆ.